ಜೀವಂತ ಕೋಶದ ಯೋಗಕ್ಷೇಮ ವಿಚಾರಿಸುವ ಬೆಳಕು

ಹಿಂಗಾರಿ ಬಿತ್ತನೆಗೆ ಮೊದಲು ಡೋಣಿ ಬಯಲಿನ ರೈತರು ಬಿಳಿ ಜೋಳದ ಬೀಜವನ್ನು ಪರೀಕ್ಷಿಸುವ ಕ್ರಮ ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ನೂರು ಕಾಳುಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಕೆಲವು ದಿನಗಳ ನಂತರ ಎಷ್ಟು ಮೊಳೆತಿವೆ ಎಂದು ನೋಡುತ್ತಾರೆ. ಆ ನೂರು ಕಾಳು ಪರೀಕ್ಷೆಗೇ ಮುಗಿದುಹೋದರೂ ಚೀಲದ ತುಂಬ ಬೀಜ ಉಳಿದಿರುತ್ತದೆ. ಇಂಡಿ, ಸಿಂದಗಿ ಕಡೆಯ ಲಿಂಬೆ ವ್ಯಾಪಾರದ ರೀತಿಯೇ ಬೇರೆ. ರಸ ಎಷ್ಟಿದೆ ಎಂದು ತಿಳಿಯಲು ಹಣ್ಣನ್ನು ಹೆಚ್ಚಿದರೆ ಆ ಹಣ್ಣು ಮಾರಾಟಕ್ಕೆ ಬರುವುದಿಲ್ಲ. ಆದ್ದರಿಂದ ಸಿಪ್ಪೆಯ ಬಣ್ಣ, ಹೊಳಪು, ಕೈಗೆ ಸಿಗುವ ತೂಕ ಇವುಗಳಿಂದಲೇ ಒಳಗಿನ ಸ್ಥಿತಿಯನ್ನು ಊಹಿಸಬೇಕು.

ಈ ಎರಡು ವಿಧಾನಗಳ ನಡುವಿನ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇಂದಿನ ವೈದ್ಯವಿಜ್ಞಾನದ ಒಂದು ಕಠಿಣ ಸಮಸ್ಯೆ ಇದರಲ್ಲೇ ಅಡಗಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳನ್ನು ರೋಗಿಯ ದೇಹಕ್ಕೆ ಸೇರಿಸುವ ಮೊದಲು ಅವು ಆರೋಗ್ಯವಾಗಿವೆಯೇ, ಬೇಕಾದ ಬಗೆಯ ಕೋಶಗಳೇ ಆಗಿವೆಯೇ ಎಂದು ತಿಳಿಯಬೇಕು. ಆದರೆ ಪರೀಕ್ಷಿಸಲು ಹೋಗಿ ಕೋಶವನ್ನೇ ಕೊಂದರೆ ಅದು ರೋಗಿಗೆ ಸಿಗುವುದಿಲ್ಲ. ಕೋಶವನ್ನು ಕತ್ತರಿಸದೆ, ಬಣ್ಣ ಹಚ್ಚದೆ, ಬೆಳಕಿನಿಂದ ಮಾತ್ರ ಅದರ ಸ್ಥಿತಿಯನ್ನು ಅರಿಯಲು ಸಾಧ್ಯವೇ? ಸಾಧ್ಯ. ಹೇಗೆ, ಎಷ್ಟರಮಟ್ಟಿಗೆ ಎಂಬುದನ್ನು ನೋಡೋಣ.

ಔಷಧಿಯೇ ಜೀವಂತವಾದಾಗ

ಹಾಳಾದ ಅಂಗಾಂಶವನ್ನು ಹೊಸ ಕೋಶಗಳಿಂದ ಸರಿಪಡಿಸುವ ವೈದ್ಯಕೀಯ ಶಾಖೆಗೆ ಪುನರುತ್ಪಾದಕ ವೈದ್ಯ ಎಂದು ಹೆಸರು. ರಕ್ತದ ಕ್ಯಾನ್ಸರ್ ರೋಗಿಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿ ಇದರ ಹಳೆಯ ರೂಪ. ಸುಣ್ಣ ಅಥವಾ ರಾಸಾಯನಿಕ ಬಿದ್ದು ಸುಟ್ಟ ಕಣ್ಣಿನ ಮೇಲ್ಮೈಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ ದುರಸ್ತಿ ಮಾಡುವ ಚಿಕಿತ್ಸೆಯನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ 2001ರಿಂದ ನಡೆಸಿಕೊಂಡು ಬಂದಿದೆ.

ನಮ್ಮ ರಾಜ್ಯದಲ್ಲೂ ಉದಾಹರಣೆ ಇದೆ. ಬೀಡಿ, ಸಿಗರೇಟು ಸೇದುವವರಲ್ಲಿ ಕಾಣಿಸಿಕೊಳ್ಳುವ ಬರ್ಜರ್ ಕಾಯಿಲೆಯಲ್ಲಿ ಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ನೋವು, ಮಾಯದ ಹುಣ್ಣು, ಕೊನೆಗೆ ಕಾಲನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದು. ತಂಬಾಕು ಬಿಡುವುದೇ ಇದಕ್ಕೆ ಮೊದಲ ಮದ್ದು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಪಡೆದ ಕೋಶಗಳನ್ನು ಬೆಳೆಸಿ ತಯಾರಿಸಿದ 'ಸ್ಟೆಂಪ್ಯೂಸೆಲ್' ಎಂಬ ಉತ್ಪನ್ನಕ್ಕೆ, ಈ ಕಾಯಿಲೆಯಿಂದ ಕಾಲಿಗೆ ಬರುವ ತೀವ್ರ ರಕ್ತಕೊರತೆಯ ಚಿಕಿತ್ಸೆಗಾಗಿ, ದೇಶದ ಔಷಧ ನಿಯಂತ್ರಕರು 2016ರಲ್ಲಿ ಸೀಮಿತ ಅನುಮತಿ ನೀಡಿದರು.

ಇಂಥ ಚಿಕಿತ್ಸೆಗಳಲ್ಲಿ ಬಳಸುವ ಬಹುಪಾಲು ಕೋಶಗಳು ಆಕರ ಕೋಶಗಳು. ಇವನ್ನೇ ಸ್ಟೆಮ್ ಸೆಲ್ ಎನ್ನುತ್ತಾರೆ. ಇವು ತಮ್ಮಂಥ ಕೋಶಗಳನ್ನು ಹುಟ್ಟಿಸಬಲ್ಲವು; ತಕ್ಕ ಸೂಚನೆ ಸಿಕ್ಕರೆ ಮೂಳೆ, ಮೃದ್ವಸ್ಥಿ, ಕೊಬ್ಬು ಮುಂತಾದ ನಿರ್ದಿಷ್ಟ ಬಗೆಯ ಕೋಶಗಳಾಗಿಯೂ ಮಾರ್ಪಡಬಲ್ಲವು. ಈ ಮಾರ್ಪಾಡಿಗೆ ವಿಭೇದೀಕರಣ ಎಂದು ಹೆಸರು.

ಗುಳಿಗೆಯ ಗುಣಮಟ್ಟ ನೋಡುವುದು ಸುಲಭ. ಒಂದು ತಂಡದ ಲಕ್ಷ ಗುಳಿಗೆಗಳಲ್ಲಿ ಕೆಲವನ್ನು ಪುಡಿಮಾಡಿ ವಿಶ್ಲೇಷಿಸಿದರೆ ಸಾಕು. ಇದು ಜೋಳದ ಬೀಜದ ಪರೀಕ್ಷೆಯಂತೆ. ಕೋಶಗಳು ಹಾಗಲ್ಲ. ಒಂದೇ ಪಾತ್ರೆಯಲ್ಲಿ ಬೆಳೆದರೂ ಎಲ್ಲವೂ ಒಂದೇ ತರಹ ಇರುವುದಿಲ್ಲ, ಇಂದು ಇದ್ದಂತೆ ನಾಳೆ ಇರುವುದಿಲ್ಲ. ರೋಗಿಯ ಸ್ವಂತ ಕೋಶಗಳನ್ನೇ ಬೆಳೆಸಿದ್ದರೆ ಇರುವುದೇ ಒಂದು ಹಿಡಿ. ಅಸ್ಥಿಮಜ್ಜೆಯ ಕೋಶ ಮೂಳೆಯ ಕೋಶವಾಯಿತೇ ಎಂದು ನೋಡುವ ರೂಢಿಯ ಪರೀಕ್ಷೆಯಲ್ಲಿ ಕೋಶಗಳನ್ನು ಸುಮಾರು ಮೂರು ವಾರ ಬೆಳೆಸಿ, ರಾಸಾಯನಿಕದಿಂದ ಕೊಂದು ಸ್ಥಿರಗೊಳಿಸಿ, ಕ್ಯಾಲ್ಸಿಯಂಗೆ ಅಂಟುವ ಕೆಂಪು ಬಣ್ಣ ಹಾಕುತ್ತಾರೆ. ಉತ್ತರ ಸಿಗುತ್ತದೆ, ಕೋಶಗಳು ಉಳಿಯುವುದಿಲ್ಲ.

ಬೆರಳ ತುದಿಯ ಪಾಠ

ಜೀವಂತ ದೇಹವನ್ನು ಬೆಳಕಿನಿಂದ ಅಳೆಯುವ ಉಪಕರಣವೊಂದನ್ನು ನೀವು ಈಗಾಗಲೇ ಬಳಸಿರಬಹುದು. 2020-21ರ ಕೋವಿಡ್ ದಿನಗಳಲ್ಲಿ ಆಸ್ಪತ್ರೆಯಿಂದ ಮನೆಯವರೆಗೆ ಬಂದ ಪಲ್ಸ್ ಆಕ್ಸಿಮೀಟರ್ ಅದು. ಬೆರಳಿನ ಒಂದು ಬದಿಯಿಂದ ಸುಮಾರು 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಮತ್ತು 940 ನ್ಯಾನೊಮೀಟರ್‌ನ ಅವಕೆಂಪು ಬೆಳಕು ಹಾಯುತ್ತವೆ. ಇನ್ನೊಂದು ಬದಿಯ ಸಂವೇದಕ ಎಷ್ಟು ಬೆಳಕು ದಾಟಿ ಬಂತು ಎಂದು ಅಳೆಯುತ್ತದೆ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಕ್ಸಿಜನ್ ಇಲ್ಲದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ನಾಡಿಯ ಬಡಿತದೊಂದಿಗೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಎರಡರ ಅನುಪಾತದಿಂದ ರಕ್ತದ ಆಕ್ಸಿಜನ್ ಪ್ರಮಾಣವನ್ನು ತಿಳಿಯಲಾಗುತ್ತದೆ. ಒಂದು ಹನಿ ರಕ್ತವನ್ನೂ ತೆಗೆಯಬೇಕಿಲ್ಲ.

ವಸ್ತು ಯಾವ ತರಂಗಾಂತರವನ್ನು ಎಷ್ಟು ಹೀರುತ್ತದೆ, ಸೂಸುತ್ತದೆ, ಚದುರಿಸುತ್ತದೆ ಎಂದು ಅಳೆದು ಅದರ ಸ್ವರೂಪ ತಿಳಿಯುವ ವಿಧಾನವೇ ರೋಹಿತದರ್ಶನ. ಆಕ್ಸಿಮೀಟರ್ ಎರಡೇ ಬಣ್ಣಗಳಲ್ಲಿ ಒಂದೇ ಅಣುವಿನ ಬಗ್ಗೆ ಪ್ರಶ್ನೆ ಕೇಳುತ್ತದೆ. ಒಂದು ಕೋಶದಲ್ಲಾದರೋ ಪ್ರೋಟೀನು, ಕೊಬ್ಬು, ಡಿಎನ್‌ಎ, ಆರ್‌ಎನ್‌ಎ, ಸಕ್ಕರೆ ಹೀಗೆ ಸಾವಿರಾರು ಬಗೆಯ ಅಣುಗಳಿವೆ. ಅವುಗಳ ಸುದ್ದಿ ತಿಳಿಯಲು ಹೆಚ್ಚು ಸೂಕ್ಷ್ಮವಾದ ವಿಧಾನ ಬೇಕು.

ರಾಮನ್ ಕಂಡ ಮಸುಕು ಬೆಳಕು

1928ರ ಫೆಬ್ರುವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್ ಅವರು, ಕೆ.ಎಸ್. ಕೃಷ್ಣನ್ ಅವರ ಸಹಯೋಗದಲ್ಲಿ ನಡೆಸುತ್ತಿದ್ದ ಪ್ರಯೋಗಗಳಲ್ಲಿ, ದ್ರವಗಳಿಂದ ಚದುರಿದ ಬೆಳಕಿನಲ್ಲಿ ಮೂಲ ಬಣ್ಣದ ಜೊತೆಗೆ ಬೇರೆ ಬಣ್ಣದ ಮಸುಕು ಗೆರೆಗಳೂ ಇರುವುದನ್ನು ಗುರುತಿಸಿದರು. ಈ ಶೋಧವನ್ನು ವಿವರಿಸುವ ಪ್ರಸಿದ್ಧ ಉಪನ್ಯಾಸವನ್ನು ಅವರು ನೀಡಿದ್ದು ಅದೇ ವರ್ಷ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು.

ಈ ಪರಿಣಾಮದ ತಿರುಳು ಹೀಗಿದೆ. ಸಂತೆಯಲ್ಲಿ ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿ ಅದರ ಸದ್ದಿನಿಂದ ಮಾಗಿದೆಯೇ ಎಂದು ಹೇಳುವವರನ್ನು ನೋಡಿದ್ದೀರಿ. ಹಣ್ಣಿನ ಒಳರಚನೆಗೆ ತಕ್ಕಂತೆ ಕಂಪನ ಬದಲಾಗುತ್ತದೆ. ಅಣುಗಳೂ ಸದಾ ಕಂಪಿಸುತ್ತಿರುತ್ತವೆ. ಪರಮಾಣುಗಳನ್ನು ಸಣ್ಣ ಗುಂಡುಗಳೆಂದೂ, ಅವುಗಳ ನಡುವಿನ ಬಂಧಗಳನ್ನು ಸ್ಪ್ರಿಂಗುಗಳೆಂದೂ ಭಾವಿಸಿ. ಗುಂಡು ಎಷ್ಟು ಭಾರ, ಸ್ಪ್ರಿಂಗು ಎಷ್ಟು ಬಿಗಿ ಎಂಬುದಕ್ಕೆ ಅನುಗುಣವಾಗಿ ಪ್ರತಿ ಅಣುವಿಗೂ ತನ್ನದೇ ಕಂಪನ ಶಕ್ತಿಗಳಿವೆ. ಬೆಳಕಿನ ಫೋಟಾನ್ ಅಣುವಿನಿಂದ ಚದುರುವಾಗ ಬಹುತೇಕ ಸಲ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ. ಸುಮಾರು ಒಂದು ಕೋಟಿಯಲ್ಲಿ ಒಂದು ಫೋಟಾನ್ ಮಾತ್ರ ಅಣುವನ್ನು ಕಂಪಿಸಿ, ಅಷ್ಟು ಶಕ್ತಿಯನ್ನು ಕಳೆದುಕೊಂಡು, ತುಸು ಉದ್ದದ ತರಂಗವಾಗಿ ಹೊರಬರುತ್ತದೆ. ಕಳೆದುಕೊಂಡ ಶಕ್ತಿಯನ್ನು ಅಳೆದರೆ ಯಾವ ಅಣು ಕಂಪಿಸಿತು ಎಂಬುದು ತಿಳಿಯುತ್ತದೆ.

ಈ ವ್ಯತ್ಯಾಸವನ್ನು 'ಪ್ರತಿ ಸೆಂಟಿಮೀಟರ್‌ಗೆ ಎಷ್ಟು ತರಂಗ' ಎಂಬ ತರಂಗಸಂಖ್ಯೆಯಲ್ಲಿ ಹೇಳುವುದು ವಾಡಿಕೆ. ಒಂದು ಲೆಕ್ಕ ಮಾಡಿ ನೋಡಿ. ಒಂದು ಸೆಂಟಿಮೀಟರ್ ಎಂದರೆ 1 ಕೋಟಿ ನ್ಯಾನೊಮೀಟರ್. ಕೋಶದ ಮೇಲೆ 785 ನ್ಯಾನೊಮೀಟರ್‌ನ ಲೇಸರ್ ಬಿಟ್ಟರೆ ಅದರ ತರಂಗಸಂಖ್ಯೆ 1,00,00,000 ÷ 785 = 12,739. ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲದ ಉಂಗುರದ ಕಂಪನ 1,004. ಕಳೆದರೆ 11,735. ಇದನ್ನು ಮತ್ತೆ ತರಂಗಾಂತರಕ್ಕೆ ತಿರುಗಿಸಿದರೆ ಸುಮಾರು 852 ನ್ಯಾನೊಮೀಟರ್. ಅಂದರೆ 785ರ ಬೆಳಕು ಹಾಕಿ 852ರಲ್ಲಿ ಒಂದು ಸಣ್ಣ ಶಿಖರವನ್ನು ಕಂಡರೆ ಅಲ್ಲಿ ಪ್ರೋಟೀನು ಇದೆ ಎಂದು ಊಹಿಸಬಹುದು.

ಕೋಶದ ಬೆರಳಚ್ಚು

ಕೋಶದಿಂದ ಬರುವ ರಾಮನ್ ರೋಹಿತದಲ್ಲಿ ಇಂಥ ಹತ್ತಾರು ಶಿಖರಗಳು ಇರುತ್ತವೆ. ಮುಖ್ಯವಾದ ಕೆಲವನ್ನು ಇಲ್ಲಿ ಕೊಟ್ಟಿದೆ (ತರಂಗಸಂಖ್ಯೆ ಪ್ರತಿ ಸೆಂಟಿಮೀಟರ್‌ಗೆ, ಅಂದಾಜು).

785 – ಡಿಎನ್‌ಎ ಮತ್ತು ಆರ್‌ಎನ್‌ಎ
813 – ಆರ್‌ಎನ್‌ಎಯ ಬೆನ್ನೆಲುಬು
960 – ಮೂಳೆಯ ಖನಿಜದ ಫಾಸ್ಫೇಟ್
1,004 – ಪ್ರೋಟೀನಿನ ಫಿನೈಲ್‌ಅಲನಿನ್
1,450 – ಕೊಬ್ಬು ಮತ್ತು ಪ್ರೋಟೀನಿನ ಕಾರ್ಬನ್-ಹೈಡ್ರೋಜನ್ ಬಂಧಗಳು
1,655 – ಪ್ರೋಟೀನಿನ ಅಮೈಡ್ ಬಂಧ
2,850 – ಕೊಬ್ಬಿನ ಕಾರ್ಬನ್-ಹೈಡ್ರೋಜನ್ ಬಂಧ

ಅವಕೆಂಪು ಬೆಳಕು ಹೀರಿಕೆಯಾಗುವುದನ್ನು ಅಳೆದರೂ ಅಣುಕಂಪನಗಳು ತಿಳಿಯುತ್ತವೆ. ಆದರೂ ಜೀವಂತ ಕೋಶಕ್ಕೆ ರಾಮನ್ ವಿಧಾನವೇ ಏಕೆ ಅನುಕೂಲ? ಕಾರಣ ನೀರು. ಕೋಶದ ತೂಕದಲ್ಲಿ ಸುಮಾರು ಶೇಕಡ 70 ನೀರೇ ಇದೆ. ಅದು ಬೆಳೆಯುವುದೂ ನೀರಿನಂಥ ದ್ರವದಲ್ಲೇ. ನೀರು ಅವಕೆಂಪನ್ನು ಬಲವಾಗಿ ಹೀರಿ ಉಳಿದೆಲ್ಲ ಅಣುಗಳ ಸುದ್ದಿಯನ್ನು ಮುಚ್ಚಿಬಿಡುತ್ತದೆ. ರಾಮನ್ ಚದರಿಕೆಯಲ್ಲಿ ನೀರಿನ ಪಾಲು ತೀರ ಮಂದ. ಹಾಗಾಗಿ ಕೋಶವನ್ನು ಒಣಗಿಸದೆ, ಅದು ಈಜುತ್ತಿರುವ ದ್ರವದಲ್ಲೇ ಪರೀಕ್ಷಿಸಬಹುದು. 1990ರಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಸೂಕ್ಷ್ಮದರ್ಶಕಕ್ಕೆ ರಾಮನ್ ರೋಹಿತಮಾಪಕವನ್ನು ಜೋಡಿಸಿ, ಒಂದೇ ಒಂದು ಜೀವಂತ ಕೋಶದ ರೋಹಿತವನ್ನು ಪಡೆದು ತೋರಿಸಿದರು.

ಮಣಿಪಾಲದ ಬೆಳಕಿನ ಇಕ್ಕಳ

ದ್ರವದಲ್ಲಿ ತೇಲುವ ಕೋಶ ಒಂದೆಡೆ ನಿಲ್ಲುವುದಿಲ್ಲ. ಗಾಜಿಗೆ ಅಂಟಿಸಿದರೆ ನಿಲ್ಲುತ್ತದೆ, ಆದರೆ ಅಂಟಿಸುವ ರಾಸಾಯನಿಕ ಕೋಶದ ಸಹಜ ಸ್ಥಿತಿಯನ್ನು ಕೆಡಿಸುತ್ತದೆ. ಇದಕ್ಕೆ ಪರಿಹಾರವೂ ಬೆಳಕೇ. ಲೇಸರ್ ಕಿರಣವನ್ನು ಅತಿ ಸಣ್ಣ ಬಿಂದುವಿಗೆ ಕೇಂದ್ರೀಕರಿಸಿದರೆ ಆ ಬಿಂದುವಿನತ್ತ ಸೂಕ್ಷ್ಮ ಕಣಗಳು ಸೆಳೆಯಲ್ಪಟ್ಟು ಅಲ್ಲೇ ಸಿಕ್ಕಿಬೀಳುತ್ತವೆ. ಆರ್ಥರ್ ಆಶ್ಕಿನ್ 1986ರಲ್ಲಿ ಒಂದೇ ಕಿರಣದಿಂದ ಇದನ್ನು ಸಾಧಿಸಿ ತೋರಿಸಿದರು. 2018ರಲ್ಲಿ ನೊಬೆಲ್ ಪಡೆದರು. ಇದೇ ಬೆಳಕಿನ ಇಕ್ಕಳ.

ಇಕ್ಕಳ ಮತ್ತು ರೋಹಿತಮಾಪಕ ಎರಡನ್ನೂ ಜೋಡಿಸಿದ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಮಣಿಪಾಲದ ಅಸೀಫ್‌ಅಲಿ ಬಂಕಾಪುರ, ಸಂತೋಷ್ ಚಿದಂಗಿಲ್ ಮತ್ತು ಅವರ ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ 1,064 ನ್ಯಾನೊಮೀಟರ್‌ನ ಲೇಸರ್‌ನಿಂದ ಒಂದೊಂದೇ ರಕ್ತಕಣವನ್ನು ಹಿಡಿದು ನಿಲ್ಲಿಸಿ, ಕೆಲವೇ ಮಿಲಿವ್ಯಾಟ್ ಬಲದ 785 ನ್ಯಾನೊಮೀಟರ್ ಲೇಸರ್‌ನಿಂದ ಅದರ ರಾಮನ್ ರೋಹಿತವನ್ನು ಪಡೆದರು. ಕೆಂಪು ರಕ್ತಕಣದಲ್ಲಿ ಅದುವರೆಗೆ ವರದಿಯಾಗದ, ಹಿಮೋಗ್ಲೋಬಿನ್‌ನಿಂದಲೇ ಬರುವ ಗೆರೆಗಳು ಕಂಡವು. ಬಿಳಿ ರಕ್ತಕಣಗಳ ಬಗೆಗಳನ್ನೂ ಅವರು ಪರಿಶೀಲಿಸಿದರು. ಗಾಜಿಗೆ ಅಂಟಿಸಿದ ಕೋಶಕ್ಕಿಂತ ದ್ರವದಲ್ಲಿ ಸ್ವತಂತ್ರವಾಗಿರುವ ಜೀವಂತ ಕೋಶವೇ ಹೆಚ್ಚು ಮಾಹಿತಿ ಕೊಡುತ್ತದೆ ಎಂಬುದು ಅವರ ಮುಖ್ಯ ತೀರ್ಮಾನ. ಈ ಪ್ರಯೋಗ ರಕ್ತಕಣಗಳ ಮೇಲೆ ನಡೆದದ್ದಾದರೂ ಕೋಶವನ್ನು ಕೊಲ್ಲದೆ ಕೇಳುವ ವಿಧಾನ ಆಕರ ಕೋಶಗಳಿಗೂ ಅದೇ.

ಕೋಶ ಏನಾಗುತ್ತಿದೆ?

ಆಕರ ಕೋಶಗಳಲ್ಲಿ ಈ ಬೆಳಕು ಏನನ್ನು ಕಂಡಿದೆ? ಇಲಿಯ ಭ್ರೂಣದ ಆಕರ ಕೋಶಗಳು ವಿಭೇದೀಕರಣಗೊಳ್ಳುವಾಗ ಅವುಗಳ ಆರ್‌ಎನ್‌ಎ ಶಿಖರ ಕುಗ್ಗುತ್ತ ಹೋಗುವುದನ್ನು 2004ರಲ್ಲಿ ಲಂಡನ್ನಿನ ಸಂಶೋಧಕರು ವರದಿ ಮಾಡಿದರು. ಆಕರ ಸ್ಥಿತಿಯಲ್ಲಿ ಕೋಶ ಬಹಳಷ್ಟು ಆರ್‌ಎನ್‌ಎಯನ್ನು ಬಳಸದೆ ಕೂಡಿಟ್ಟುಕೊಂಡಿರುತ್ತದೆ. ಹೊಸ ಕೆಲಸ ಹಿಡಿದೊಡನೆ ಅದನ್ನು ಪ್ರೋಟೀನಾಗಿ ಪರಿವರ್ತಿಸುತ್ತದೆ. ಆದ್ದರಿಂದ ಆರ್‌ಎನ್‌ಎ ಮತ್ತು ಪ್ರೋಟೀನಿನ ಶಿಖರಗಳ ಅನುಪಾತ ವಿಭೇದೀಕರಣದ ಗಡಿಯಾರವಿದ್ದಂತೆ.

ಮೂಳೆಯ ವಿಷಯ ಇನ್ನೂ ಸ್ವಾರಸ್ಯಕರ. 960ರ ಫಾಸ್ಫೇಟ್ ಶಿಖರ ಕಾಣಿಸಿಕೊಂಡಿತೆಂದರೆ ಖನಿಜ ಕೂಡಲು ತೊಡಗಿದೆ ಎಂದರ್ಥ. 2009ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಮೂರು ಮೂಲಗಳ ಕೋಶಗಳಿಂದ ಬೆಳೆದ ಮೂಳೆಗಂಟುಗಳನ್ನು ಹೋಲಿಸಿತು: ಎಳೆಯ ಇಲಿಮರಿಯ ಮೂಳೆಕೋಶ, ಅಸ್ಥಿಮಜ್ಜೆಯ ಆಕರ ಕೋಶ, ಭ್ರೂಣದ ಆಕರ ಕೋಶ. ಮೂರರಲ್ಲೂ ಖನಿಜವೇನೋ ಇತ್ತು. ಆದರೆ ರಾಮನ್ ರೋಹಿತ ಮತ್ತಿತರ ಪರೀಕ್ಷೆಗಳಲ್ಲಿ ಮೊದಲೆರಡರ ಖನಿಜ ನಿಜವಾದ ಮೂಳೆಯನ್ನು ಹೋಲಿದರೆ, ಭ್ರೂಣದ ಕೋಶಗಳದ್ದು ಹೋಲಲಿಲ್ಲ. ಖನಿಜವಿದೆಯೇ ಎಂದಷ್ಟೇ ಹೇಳುವ ಕೆಂಪು ಬಣ್ಣದ ಪರೀಕ್ಷೆಯಿಂದ ಈ ಅಂತರ ತಿಳಿಯುವುದು ಕಷ್ಟ. ಇದು ಬರಿಯ ಪಾಂಡಿತ್ಯದ ಮಾತಲ್ಲ. ಮೂಳೆಯಂತೆ ತೋರುವ, ಆದರೆ ಮೂಳೆಯ ಗುಣವಿಲ್ಲದ ವಸ್ತುವನ್ನು ಮುರಿದ ಕಾಲಿಗೆ ಹಾಕಿದರೆ ಅದು ಭಾರ ಹೊರುವುದೇ?

ಕೋಶ ತಾನೇ ಸೂಸುವ ಬೆಳಕೂ ಮಾಹಿತಿ ನೀಡುತ್ತದೆ. ಶಕ್ತಿಯ ಉತ್ಪಾದನೆಯಲ್ಲಿ ಪಾಲ್ಗೊಳ್ಳುವ ಎನ್‌ಎಡಿಎಚ್ ಎಂಬ ಅಣು ಸುಮಾರು 340 ನ್ಯಾನೊಮೀಟರ್‌ನ ಅತಿನೇರಳೆ ಕಿರಣವನ್ನು ಹೀರಿ 460ರ ಸುಮಾರಿನ ನೀಲಿಯನ್ನು ಸೂಸುತ್ತದೆ. ಎಫ್‌ಎಡಿ ಎಂಬ ಇನ್ನೊಂದು ಅಣು ನೀಲಿಯನ್ನು ಹೀರಿ ಹಸಿರನ್ನು ಸೂಸುತ್ತದೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಆಕರ ಕೋಶ ವಿಭೇದೀಕರಣಗೊಳ್ಳುವಾಗ ಶಕ್ತಿ ಪಡೆಯುವ ದಾರಿ ಬದಲಾಗುವುದರಿಂದ ಈ ನೀಲಿ-ಹಸಿರುಗಳ ಅನುಪಾತವೂ ಬದಲಾಗುತ್ತದೆ. ಬಣ್ಣ ಹಚ್ಚದೆಯೇ ಕೋಶದ ಉಸಿರಾಟದ ಲೆಕ್ಕ ಸಿಗುತ್ತದೆ.

ಬೆಳಕಿನ ಸಾಕ್ಷಿಯ ಮಿತಿಗಳು

ಹಾಗಾದರೆ ಎಲ್ಲ ಪ್ರಯೋಗಾಲಯಗಳೂ ಹಳೆಯ ಪರೀಕ್ಷೆಗಳನ್ನು ಕೈಬಿಡಬಹುದೇ? ಸದ್ಯಕ್ಕೆ ಇಲ್ಲ.

ಮೊದಲನೆಯದು, ರಾಮನ್ ಸಂಕೇತ ಬಲು ದುರ್ಬಲ. ಒಂದೊಂದು ಬಿಂದುವಿಗೆ ಸೆಕೆಂಡುಗಟ್ಟಲೆ ಕಾಯಬೇಕಾಗುತ್ತದೆ. ಲಕ್ಷಾಂತರ ಕೋಶಗಳಿದ್ದರೆ ಎಲ್ಲವನ್ನೂ ನೋಡಲಾಗದು. 2008ರಲ್ಲಿ ಅಮೆರಿಕದಲ್ಲಿ ರೂಪಿಸಿದ ಪ್ರಚೋದಿತ ರಾಮನ್ ಸೂಕ್ಷ್ಮದರ್ಶಕ ಎರಡು ಲೇಸರ್‌ಗಳಿಂದ ಈ ವೇಗವನ್ನು ಬಹಳ ಹೆಚ್ಚಿಸಿತಾದರೂ, ಅದು ಸಾಮಾನ್ಯವಾಗಿ ಒಮ್ಮೆಗೆ ಒಂದೆರಡು ಶಿಖರಗಳನ್ನು ಮಾತ್ರ ನೋಡುತ್ತದೆ.

ಎರಡನೆಯದು, ಪ್ರತಿದೀಪ್ತಿ ಒಮ್ಮೊಮ್ಮೆ ರಾಮನ್ ಬೆಳಕನ್ನು ಮುಳುಗಿಸಿಬಿಡುತ್ತದೆ. ನೀಲಿ, ಹಸಿರು ಲೇಸರ್‌ಗಳಲ್ಲಿ ಈ ತೊಂದರೆ ಹೆಚ್ಚು, ಕೋಶಕ್ಕೆ ಹಾನಿಯೂ ಹೆಚ್ಚು. 785ರಂಥ ಸಮೀಪ ಅವಕೆಂಪನ್ನು ಆರಿಸುವುದು ಇದಕ್ಕಾಗಿಯೇ. ಅದರಲ್ಲೂ ಬಲ ಮಿತಿಮೀರಿದರೆ ಕೋಶ ಬಿಸಿಯಾಗುತ್ತದೆ.

ಮೂರನೆಯದು, ಆಳ. ದೇಹದೊಳಗೆ ಸೇರಿಸಿದ ಅಂಗಾಂಶವನ್ನು ಹೊರಗಿನಿಂದ ನೋಡುವುದು ಸುಲಭವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ 2014ರಲ್ಲಿ, ಚದುರಿದ ರಾಮನ್ ಬೆಳಕನ್ನು ಹಲವು ಕೋನಗಳಲ್ಲಿ ಸಂಗ್ರಹಿಸಿ ಒಳಪದರದಲ್ಲಿ ಅಡಗಿರುವ ವಸ್ತುವನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿತು. ಇಂಥ ವಿಧಾನಗಳು ಈ ದಿಕ್ಕಿನಲ್ಲಿ ಭರವಸೆ ಮೂಡಿಸಿವೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ದಾನಿಯಿಂದ ದಾನಿಗೆ, ಉಪಕರಣದಿಂದ ಉಪಕರಣಕ್ಕೆ ರೋಹಿತದಲ್ಲಿ ಸಣ್ಣ ವ್ಯತ್ಯಾಸಗಳಿರುತ್ತವೆ. ಅವುಗಳ ನಡುವೆ ನಿಜವಾದ ಬದಲಾವಣೆಯನ್ನು ಹೆಕ್ಕಲು ಸಂಖ್ಯಾಶಾಸ್ತ್ರ ಬೇಕು. ಜೊತೆಗೆ ಕೋಶದ ವಂಶವಾಹಿಯಲ್ಲಾದ ಸಣ್ಣ ದೋಷವನ್ನು ರಾಮನ್ ರೋಹಿತ ಹೇಳಲಾರದು. ದ್ರವದಲ್ಲಿ ಒಂದೆರಡು ಬ್ಯಾಕ್ಟೀರಿಯಾ ಸೇರಿದ್ದರೆ ಅದನ್ನು ಖಚಿತವಾಗಿ ಪತ್ತೆಮಾಡಲಾರದು. ಆದ್ದರಿಂದ ಬೆಳಕಿನ ಪರೀಕ್ಷೆ ಈಗಿರುವ ಪರೀಕ್ಷೆಗಳ ಜೊತೆಗಾರನೇ ಹೊರತು ಬದಲಿಯಲ್ಲ. ಬೆಳೆಯುವ ಹಂತದಲ್ಲಿ ದಿನದಿನದ ಸುದ್ದಿ ತಿಳಿಸಿ, ತಪ್ಪುದಾರಿ ಹಿಡಿದ ಕೋಶಗಳನ್ನು ಮೊದಲೇ ಬೇರ್ಪಡಿಸಲು ನೆರವಾಗುವುದು ಅದರ ನಿಜವಾದ ಉಪಯೋಗ.

ತರಗತಿಯಲ್ಲಿ ಮಾಡಿ ನೋಡಿ

ರಾಮನ್ ರೋಹಿತಮಾಪಕ ಶಾಲೆಯಲ್ಲಿ ಇರುವುದಿಲ್ಲ. ಆದರೆ ತತ್ತ್ವವನ್ನು ಇಂಡಿಯ ಶಾಲೆಯಲ್ಲೂ ಬಾಗೇವಾಡಿಯ ಕಾಲೇಜಿನಲ್ಲೂ ತೋರಿಸಬಹುದು.

1. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಮೇಲೆ ಬೆರಳಿಡಿ. ದಾಟಿ ಬರುವ ಬೆಳಕು ಕೆಂಪು. ನೀಲಿ, ಹಸಿರನ್ನು ರಕ್ತ ಹೀರಿಕೊಂಡಿದೆ. ಜೀವಂತ ಅಂಗಾಂಶಕ್ಕೆ ಕೆಂಪು ಮತ್ತು ಸಮೀಪ ಅವಕೆಂಪನ್ನೇ ಏಕೆ ಬಳಸುತ್ತಾರೆ ಎಂಬುದಕ್ಕೆ ಇದೇ ಉತ್ತರ.

2. ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಬ್ಲೇಡಿನಿಂದ ಕಿರಿದಾದ ಸೀಳು ಮಾಡಿ, ಎದುರು ಬದಿಯಲ್ಲಿ ಹಳೆಯ ಸಿಡಿಯನ್ನು ಓರೆಯಾಗಿ ನಿಲ್ಲಿಸಿ, ಮೇಲಿನ ಸಣ್ಣ ಕಿಂಡಿಯಿಂದ ಇಣುಕಿ ನೋಡಿ. ಸಿಡಿಯ ಸುರುಳಿಗೆರೆಗಳ ಅಂತರ 1.6 ಮೈಕ್ರೊಮೀಟರ್, ಅವೇ ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತವೆ. ಹಳೆಯ ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್ ದೀಪ ಸಿಕ್ಕರೆ ಅದರಲ್ಲಿ ಪಾದರಸದ ಹೊಳೆಯುವ ಗೆರೆಗಳು ಕಾಣುತ್ತವೆ. ನೀಲಿ-ನೇರಳೆ ಗೆರೆ 435.8 ನ್ಯಾನೊಮೀಟರ್‌ನದು. ರಾಮನ್ ಬಳಸಿದ ಪಾದರಸದ ದೀಪದಲ್ಲೂ ಇದೇ ಗೆರೆ ಇತ್ತು! ಎಲ್‌ಇಡಿ ಬಲ್ಬಿನ ರೋಹಿತದೊಂದಿಗೆ ಹೋಲಿಸಿ. ಸೂರ್ಯನನ್ನಾಗಲಿ ಲೇಸರ್ ಕಿರಣವನ್ನಾಗಲಿ ಇದರಿಂದ ನೇರವಾಗಿ ಎಂದೂ ನೋಡಬಾರದು.

3. ಬೆಂಜೀನಿನ ಬಲವಾದ ಕಂಪನದ ತರಂಗಸಂಖ್ಯೆ 992. ಮೇಲಿನ 435.8ರ ಬೆಳಕನ್ನು ಬೆಂಜೀನಿಗೆ ಹಾಯಿಸಿದರೆ ರಾಮನ್ ಗೆರೆ ಯಾವ ತರಂಗಾಂತರದಲ್ಲಿ ಬರುತ್ತದೆ? (ಉತ್ತರ: ಸುಮಾರು 455.5 ನ್ಯಾನೊಮೀಟರ್.) ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಇದು ಒಳ್ಳೆಯ ಲೆಕ್ಕ.

ಶಿಕ್ಷಕರಿಗೆ ಒಂದು ಮಾತು

ಊರಿನಲ್ಲಿ ವಿಜ್ಞಾನ ಬಲ್ಲವರೆಂದು ಜನ ನಿಮ್ಮನ್ನು ಕೇಳುತ್ತಾರೆ. ಮಗುವಿನ ಮಿದುಳಿನ ತೊಂದರೆಗೆ, ಹಿರಿಯರ ಪಾರ್ಶ್ವವಾಯುವಿಗೆ 'ಸ್ಟೆಮ್ ಸೆಲ್ ಚಿಕಿತ್ಸೆ' ಕೊಡುತ್ತೇವೆ ಎಂಬ ಜಾಹೀರಾತು ನೋಡಿ, ಹೊಲ ಮಾರಿಯಾದರೂ ಮಾಡಿಸೋಣವೇ ಎಂದು ವಿಚಾರಿಸುವವರು ಬರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಂಗೀಕೃತ ಕಾಯಿಲೆಗಳಿಗೆ ಮಾಡುವ ರಕ್ತದ ಆಕರ ಕೋಶಗಳ ಕಸಿಯನ್ನು ಬಿಟ್ಟರೆ, ಉಳಿದ ಬಳಕೆ ಅನುಮತಿ ಪಡೆದ ವೈದ್ಯಕೀಯ ಪ್ರಯೋಗದೊಳಗೇ ನಡೆಯಬೇಕು. ಅಂಥ ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಔಷಧ ನಿಯಂತ್ರಕರು ಮುಂದೆ ಅನುಮತಿ ಕೊಟ್ಟ ಉತ್ಪನ್ನಗಳನ್ನು ಅವರು ಹೇಳಿದ ಕಾಯಿಲೆಗೆ ಮಾತ್ರ ಬಳಸಬಹುದು.

ಬಂದವರಿಗೆ ಎರಡು ಪ್ರಶ್ನೆಗಳನ್ನು ಹೇಳಿಕೊಡಿ. ಈ ಚಿಕಿತ್ಸೆಗೆ ಯಾರ ಅನುಮತಿ ಇದೆ? ಸೂಜಿಯೊಳಗಿನ ಕೋಶಗಳು ಜೀವಂತವಾಗಿವೆ, ಬೇಕಾದ ಬಗೆಯವೇ ಆಗಿವೆ ಎಂದು ಹೇಗೆ ಪರೀಕ್ಷಿಸಿದ್ದೀರಿ? ಬಿತ್ತುವ ಬೀಜವನ್ನೇ ಪರೀಕ್ಷಿಸದೆ ಹೊಲಕ್ಕೆ ಹಾಕದ ರೈತನಿಗೆ, ತನ್ನ ಮಗುವಿನ ಮೈಗೆ ಸೇರುವ ಕೋಶದ ಬಗ್ಗೆ ಇಷ್ಟು ಕೇಳುವ ಹಕ್ಕು ಖಂಡಿತ ಇದೆ.